ಬ್ಯಾರಲ್‌ಗೆ ಕ್ರೋನೋ ಕಟ್ಟಿದ ಮೇಲೆ ಗ್ರೂಪ್ ಯಾಕೆ ಜರುಗಿತು? ಹುಡುಕುವ ಬಗೆ

ಶನಿವಾರ ಬೆಳಗ್ಗೆ ಪುಣೆಯ ಬಾಲೆವಾಡಿಯಲ್ಲಿ ಶೂಟಿಂಗ್ ರೇಂಜಿಗೆ ಹೋಗುವ ಮುಂಚೆ ಅಮೃತತುಲ್ಯದ ಅಂಗಡಿ ಮುಂದೆ ಚಹಾ ಹಿಡಿದು ನಿಂತಿದ್ದೆ. ಗದಗ ಕಡೆಯ ಹುಡುಗಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ ಸ್ಪರ್ಧೆ) ಹೊಡೆಯುವವಳು, ರೈಫಲ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡೇ ಬಂದಳು.

"ಕಾಕಾ, ಎಲ್ಲಾ ಮ್ಯಾಲೆ ಬೀಳಾಕತ್ತಾವ. ಹೋದ ವಾರ ಬೆಂಚ್ ಮ್ಯಾಲೆ ನಟ್ಟನಡುವ ಇದ್ದವು."

"ಹೋದ ವಾರ ಬ್ಯಾರಲ್‌ಗೆ ಏನರ ಕಟ್ಟಿದ್ದೇನವಾ?"

"ಕ್ರೋನೋ ಕಟ್ಟಿದ್ದೆ. ಹೊಸ ಲಾಟ್ ಗುಂಡಿನ ಸ್ಪೀಡ್ ನೋಡಾಕ."

"ಅದನ್ನ ಕಟ್ಟಿಕೊಂಡೇ ಝೀರೋ ಮಾಡಿದಿ?"

ಮಾತಿಲ್ಲ. ಝೀರೋ ಅಂದರೆ ಗುಂಡು ಗುರಿಯ ನಡುವೆ ಬೀಳುವಂತೆ ಸೈಟ್ ಹೊಂದಿಸುವುದು. ಚಹಾ ಮುಗಿಯುವ ಮುಂಚೆಯೇ ಅರ್ಧ ಕಾಯಿಲೆ ಗೊತ್ತಾಗಿತ್ತು. ಇನ್ನರ್ಧ ಹುಡುಕಲು ಮೂರು ಶನಿವಾರ ಹಿಡಿಯಿತು. ಇದೇ ತೊಂದರೆ ಹೊತ್ತುಕೊಂಡು ವರ್ಷಕ್ಕೆ ನಾಲ್ಕೈದು ಜನ ನನ್ನ ಬಳಿ ಬರುತ್ತಾರೆ. ಅದಕ್ಕೇ ಹುಡುಕಿದ ಕ್ರಮವನ್ನು ಬರೆದಿಡುತ್ತಿದ್ದೇನೆ.

ಮೊದಲು ವಸ್ತುವಿನ ಪರಿಚಯ. ಬ್ಯಾರಲ್‌ಗೆ ಕಟ್ಟುವ ಕ್ರೋನೋಗ್ರಾಫ್ ಅಂದರೆ, ಮ್ಯಾಗ್ನೆಟೋಸ್ಪೀಡ್ ಮಾದರಿಯದು, ಒಂದು ಗೇಣುದ್ದದ ಪಟ್ಟಿ. ಬೆಯೊನೆಟ್‌ನಂತೆ ಬ್ಯಾರಲ್ ಬಾಯಿಯ ಕೆಳಗೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರೊಳಗೆ ಎರಡು ಸೆನ್ಸರ್. ಲೋಹದ ಗುಂಡು ಮೇಲಿಂದ ಹಾದುಹೋಗುವಾಗ ಅಲ್ಲಿನ ಕಾಂತಕ್ಷೇತ್ರ ಕದಡುತ್ತದೆ. ಮೊದಲನೆಯ ಸೆನ್ಸರ್‌ನಿಂದ ಎರಡನೆಯದಕ್ಕೆ ಎಷ್ಟು ಹೊತ್ತಾಯಿತು ಎಂದು ಅಳೆದು ವೇಗ ತೋರಿಸುತ್ತದೆ. ಬೆಳಕಿನ ಹಂಗಿಲ್ಲ, ಟಾರ್ಗೆಟ್ ಕಡೆ ನಡೆದುಹೋಗಿ ಸ್ಟ್ಯಾಂಡ್ ಇಡುವ ಕೆಲಸವಿಲ್ಲ. ವೇಗದ ಅಂಕಿಯೂ ನಂಬಿಕೆಗೆ ಅರ್ಹ. ಅದೇ ಹೊತ್ತಿನಲ್ಲಿ ಕಾಗದದ ಮೇಲೆ ಬಿದ್ದ ತೂತುಗಳನ್ನು ಮಾತ್ರ ನಂಬಬೇಡಿ. ಕೆಳಗಿನದೆಲ್ಲ ಯಾಕೆ ನಂಬಬಾರದು, ಎಷ್ಟು ನಂಬಬಾರದು ಎನ್ನುವುದರ ಲೆಕ್ಕ.

ವೇಗವನ್ನು ಬೈಯುವ ಮುಂಚೆ

ಗ್ರೂಪ್ (ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು) ಕೆಳಗೆ ಇಳಿದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು "ಗುಂಡು ಸ್ಲೋ ಆಗಿದೆ" ಎಂಬುದೇ. ಸುಮ್ಮನೆ ಲೆಕ್ಕ ಹಾಕಿ ನೋಡಿ. ಪಾಯಿಂಟ್ 22 (0.22 ಇಂಚು ಬೋರ್‌ನ) ಮ್ಯಾಚ್ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತದೆ. 50 ಮೀಟರ್ ಮುಟ್ಟುವಷ್ಟರಲ್ಲಿ ಬ್ಯಾರಲ್‌ನ ನೇರಕ್ಕಿಂತ ಸುಮಾರು 13 ಸೆಂ.ಮೀ. ಇಳಿದಿರುತ್ತದೆ. ವೇಗ 5 ಮೀಟರ್ ಕಡಿಮೆಯಾದರೆ ಹೆಚ್ಚಿಗೆ ಇಳಿಯುವುದು 4 ಮಿ.ಮೀ. ಮಾತ್ರ. ಕ್ರೋನೋ ಕಟ್ಟಿದಾಗ ನಮ್ಮ ಹುಡುಗಿಯ ಗ್ರೂಪ್ ಇಳಿದದ್ದು 12 ಮಿ.ಮೀ. ಅಷ್ಟು ಇಳಿಯಬೇಕಾದರೆ ಗುಂಡು ಸೆಕೆಂಡಿಗೆ 15 ಮೀಟರ್ ನಿಧಾನವಾಗಬೇಕಿತ್ತು. ಕ್ರೋನೋ ತೋರಿಸಿದ ಸರಾಸರಿಗೂ ಡಬ್ಬಿಯ ಲೇಬಲ್ ಮೇಲಿದ್ದ ಅಂಕಿಗೂ ಇದ್ದ ವ್ಯತ್ಯಾಸ 2 ಮೀಟರ್. ಹಾಗಾಗಿ ವೇಗದ ಮೇಲಿನ ಆರೋಪ ವಜಾ. ಬ್ಯಾರಲ್ ಬಾಯಿಗೆ ತೂಗುಬಿದ್ದ ವಸ್ತು ಗುಂಡನ್ನು ನಿಧಾನ ಮಾಡುವುದೂ ಇಲ್ಲ, ಗುಂಡು ಹೊರಡುವ ದಿಕ್ಕನ್ನು ಬದಲಿಸುತ್ತದೆ.

ನಿಜವಾಗಿಯೂ ಜರುಗಿದೆಯೇ?

ಮೂರು ಗುಂಡು ಹೊಡೆದು "ಜರುಗಿತು" ಅನ್ನುವವರೇ ಹೆಚ್ಚು. ಒಳ್ಳೆಯ ರೈಫಲ್‌ನಲ್ಲೂ ಮೂರು ಗುಂಡಿನ ನಡುಬಿಂದು ತಾನಾಗಿಯೇ ಎರಡು ಮಿ.ಮೀ. ಆಚೀಚೆ ಓಡಾಡುತ್ತದೆ. ಹತ್ತು ಹತ್ತರಂತೆ ಹೊಡೆಯಿರಿ, ಅದೂ ಈ ಕ್ರಮದಲ್ಲಿ: ಕ್ರೋನೋ ಇಲ್ಲದೆ ಹತ್ತು, ಕಟ್ಟಿ ಹತ್ತು, ಬಿಚ್ಚಿ ಮತ್ತೆ ಕಟ್ಟಿ ಹತ್ತು, ಕೊನೆಗೆ ಬಿಚ್ಚಿ ಹತ್ತು. ಮೊದಲಿನ ಹತ್ತೂ ಕೊನೆಯ ಹತ್ತೂ ಒಂದೇ ಕಡೆ ಕೂತರೆ ನಡುವೆ ಆದದ್ದಕ್ಕೆ ಕ್ರೋನೋನೇ ಹೊಣೆ. ಕೊನೆಯ ಹತ್ತು ಬೇರೆ ಕಡೆ ಬಿದ್ದರೆ ಬಿಸಿಲು, ಬೆಡ್ಡಿಂಗ್ (ಸ್ಟಾಕ್‌ನಲ್ಲಿ ರೈಫಲ್ ಕೂತಿರುವ ರೀತಿ), ಸೈಟ್‌ನ ಸ್ಕ್ರೂ, ಇವುಗಳತ್ತ ತಿರುಗಬೇಕು. ಅದಕ್ಕೆ ಮುಂದೆ ಬರುತ್ತೇನೆ. ಬ್ಯಾರಲ್ ಈಗಷ್ಟೇ ಸ್ವಚ್ಛ ಮಾಡಿದ್ದರೆ ಮೊದಲು ಹತ್ತು ಹದಿನೈದು ಗುಂಡು ಸುಮ್ಮನೆ ಮಣ್ಣಿಗೆ ಬಿಡಿ. ಸ್ವಚ್ಛ ಬ್ಯಾರಲ್‌ನ ಮೊದಲ ಗುಂಡುಗಳು ಸಾಕ್ಷಿ ಹೇಳಲು ಯೋಗ್ಯವಲ್ಲ.

ಇನ್ನೊಂದು ಮಾತು, ಒಮ್ಮೆ ಹೇಳಿ ಬಿಡುತ್ತೇನೆ: ಪಟ್ಟಿಗೆ ಕೈ ಹಾಕುವ ಮುಂಚೆ ಪ್ರತಿ ಸಲವೂ ಬೋಲ್ಟ್ ತೆರೆದಿರಬೇಕು, ಚೇಂಬರ್‌ನಲ್ಲಿ ಸೇಫ್ಟಿ ಫ್ಲ್ಯಾಗ್ (ಒಳಗೆ ಗುಂಡಿಲ್ಲ ಎಂದು ತೋರಿಸುವ ಬಣ್ಣದ ಕಡ್ಡಿ) ಇರಬೇಕು. ಬ್ಯಾರಲ್ ಬಾಯಿಯ ಮುಂದೆ ಬೆರಳಾಡಿಸುವ ಕೆಲಸ ಇದು.

ತೂಕದ ಪಾಲು

ನನ್ನ ಹೆಂಡತಿಯ ಅಡುಗೆಮನೆ ತಕ್ಕಡಿಯ ಮೇಲೆ ಆ ಪಟ್ಟಿ ಸುಮಾರು 200 ಗ್ರಾಂ ತೂಗಿತು. ಕಾಲು ಕಿಲೋ ಹೆಸರುಬೇಳೆಯಷ್ಟೂ ಇಲ್ಲ, ಇಷ್ಟು ದಪ್ಪ ಉಕ್ಕಿನ ಬ್ಯಾರಲ್ ಇದಕ್ಕೆಲ್ಲ ಬಗ್ಗುತ್ತದೆಯೇ ಎಂದು ಹುಡುಗಿ ನಕ್ಕಳು. ಕಾಗದ ತೆಗೆದೆ.

ಬ್ಯಾರಲ್ ಅಂದರೆ ಒಂದು ತುದಿ ಬಿಗಿದು ಇನ್ನೊಂದು ತುದಿ ಗಾಳಿಯಲ್ಲಿ ನಿಂತ ತೊಲೆ. 22 ಮಿ.ಮೀ. ದಪ್ಪ, 60 ಸೆಂ.ಮೀ. ಹೊರಚಾಚು, ತುದಿಯಲ್ಲಿ 200 ಗ್ರಾಂ. ತೊಲೆ ಬಾಗುವ ಸೂತ್ರಕ್ಕೆ ಇವನ್ನು ಹಾಕಿದರೆ ತುದಿ ಬಾಗುವ ಕೋನ ಸುಮಾರು 0.16 ಮಿಲಿರೇಡಿಯನ್. ಕಣ್ಣಿಗೆ ಕಾಣದಷ್ಟು. ಆದರೆ 50 ಮೀಟರ್ ಆಚೆ ಅದೇ 8 ಮಿ.ಮೀ. ಆಗುತ್ತದೆ. ಪಟ್ಟಿಯ ಭಾರ ಬಾಯಿಗಿಂತಲೂ ಆಚೆ ಚಾಚಿರುವುದರಿಂದ ಇನ್ನೂ ಒಂದೂವರೆ ಮಿ.ಮೀ. ಸೇರಿಸಿ. ಒಟ್ಟು ಒಂಬತ್ತು, ಒಂಬತ್ತೂವರೆ. 50 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಡ್ಡಳತೆ 10.4 ಮಿ.ಮೀ., ಅಲ್ಲಿಂದ ಪ್ರತಿ ರಿಂಗ್ 8 ಮಿ.ಮೀ. ಅಗಲ. ಅಂದರೆ ಬೇಳೆಯ ತೂಕಕ್ಕೆ ಒಂದು ರಿಂಗ್ ಹೋಯಿತು. ನಗು ನಿಂತಿತು.

ದಪ್ಪ ಇಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ. ಬ್ಯಾರಲ್‌ನ ಬಿಗಿತನ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಅದೇ ಉದ್ದದ 16 ಮಿ.ಮೀ. ಬ್ಯಾರಲ್ ಇದ್ದರೆ ಅದೇ 200 ಗ್ರಾಂಗೆ ಗ್ರೂಪ್ 28 ಮಿ.ಮೀ. ಇಳಿಯುತ್ತದೆ. ತೆಳು ಬ್ಯಾರಲ್‌ನವರು "ನನ್ನ ರೈಫಲ್ ಹಾಳಾಯಿತು" ಎಂದು ಓಡಿಬರುವುದೂ ಭಾರೀ ಬ್ಯಾರಲ್‌ನವರು "ನನಗೇನೂ ಫರಕು ಕಾಣಲಿಲ್ಲ" ಎಂದು ವಾದಿಸುವುದೂ ಇದಕ್ಕೇ. ಇಬ್ಬರದೂ ನಿಜ.

ಒಂದು ಸೂಕ್ಷ್ಮ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ದುರ್ಬೀನು ಇಟ್ಟ ರೈಫಲ್‌ನಲ್ಲಿ ಬ್ಯಾರಲ್ ಬಗ್ಗಿದ್ದು ದುರ್ಬೀನಿಗೆ ಗೊತ್ತೇ ಆಗುವುದಿಲ್ಲ, ಅದು ರಿಸೀವರ್ (ಬ್ಯಾರಲ್‌ನ ಬುಡ ಬಿಗಿದಿರುವ ಭಾಗ) ಮೇಲೆ ಕೂತಿದೆ. ಪೂರ್ತಿ 9 ಮಿ.ಮೀ. ಟಾರ್ಗೆಟ್ ಮೇಲೆ ಕಾಣುತ್ತದೆ. ಮ್ಯಾಚ್ ರೈಫಲ್‌ನ ಡಯಾಪ್ಟರ್ ಸೈಟ್, ಅಂದರೆ ದುರ್ಬೀನಿಲ್ಲದೆ ಸಣ್ಣ ತೂತಿನ ಮೂಲಕ ನೋಡುವ ಸೈಟ್, ಹಾಗಲ್ಲ. ಮುಂದಿನ ಸೈಟ್ ಬ್ಯಾರಲ್ ಬಾಯಿಯ ಮೇಲೆಯೇ ಇದೆ, ಬ್ಯಾರಲ್ ಜೊತೆ ಅದೂ ಕೆಳಗಿಳಿಯುತ್ತದೆ. ಸೈಟ್ ಇಳಿದರೆ ನೀವು ಅರಿವಿಲ್ಲದೆಯೇ ಬಾಯಿಯನ್ನು ಮೇಲೆತ್ತಿ ಗುರಿ ಹಿಡಿಯುತ್ತೀರಿ. ನನ್ನ ಲೆಕ್ಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ತಪ್ಪು ಹೀಗೆ ತಾನಾಗಿಯೇ ಸರಿಹೋಗುತ್ತದೆ. ಒಂದೇ ರೈಫಲ್, ಒಂದೇ ಕ್ರೋನೋ, ದುರ್ಬೀನು ಹಾಕಿದಾಗ ಒಂಬತ್ತು, ಡಯಾಪ್ಟರ್‌ನಲ್ಲಿ ನಾಲ್ಕೈದು ಮಿ.ಮೀ. ಬಂದರೆ ಗಾಬರಿಯಾಗಬೇಡಿ. ಬ್ಯಾರಲ್ ಬಗ್ಗಿದ್ದರಿಂದಲೇ ಜರುಗಿತು ಎನ್ನುವುದಕ್ಕೆ ಅದೇ ಒಳ್ಳೆಯ ಪುರಾವೆ.

ಉಳಿದ ಮೂರು ಮಿಲಿಮೀಟರ್

ಹುಡುಗಿಯ ರೈಫಲ್ ಬೆಂಚ್ ಮೇಲೆ, ದುರ್ಬೀನು ಹಾಕಿ. ಕ್ರೋನೋ ಕಟ್ಟಿದಾಗ ಗ್ರೂಪ್ 12 ಮಿ.ಮೀ. ಕೆಳಗೆ, 3 ಮಿ.ಮೀ. ಬಲಕ್ಕೆ. ತೂಕ ಕೆಳಕ್ಕೆ ಎಳೆದೀತು, ಬಲಕ್ಕೆ ಎಳೆಯುವುದಿಲ್ಲ. ಹಾಗಾದರೆ ಇನ್ನೇನೋ ಇದೆ.

ಇಲ್ಲಿ ನನ್ನ ನೆಚ್ಚಿನ ಉಪಾಯ ಡಮ್ಮಿ ತೂಕ. ಭೋಸರಿಯ ಒಂದು ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಉಂಗುರ ಮಾಡಿಸಿದೆ. ಕ್ರೋನೋದಷ್ಟೇ ತೂಕ, ಬ್ಯಾರಲ್ ಸುತ್ತ ಸಮನಾಗಿ ಕೂರುವಂಥದ್ದು, ಒಂದು ಅಲೆನ್ ಸ್ಕ್ರೂ, ಒಳಗೆ ತೆಳು ಚರ್ಮ. ಅದನ್ನು ಹಾಕಿ ಹತ್ತು ಗುಂಡು: 9 ಮಿ.ಮೀ. ಕೆಳಗೆ, ಅಡ್ಡಕ್ಕೆ ಏನೂ ಇಲ್ಲ. ತೂಕದ ಪಾಲು ಬೇರೆಯಾಯಿತು. ಉಳಿದ ಮೂರು ಕೆಳಗೆ, ಮೂರು ಬಲಕ್ಕೆ, ಇದು ಪಟ್ಟಿ ಕಟ್ಟಿದ ರೀತಿಯದ್ದು.

ಹತ್ತು ರೂಪಾಯಿ ನೋಟು ತೆಗೆದು ಬ್ಯಾರಲ್‌ಗೂ ಮರದ ಸ್ಟಾಕ್‌ಗೂ ನಡುವೆ ಹಾಕಿ ಹಿಂದಿನಿಂದ ಮುಂದಕ್ಕೆ ಎಳೆದೆವು. ಫ್ರೀ ಫ್ಲೋಟ್ ಬ್ಯಾರಲ್, ಅಂದರೆ ಸ್ಟಾಕ್‌ಗೆ ತಾಗದೆ ನಿಂತದ್ದು, ನೋಟು ಸರಾಗ ಜಾರಿತು. ಕ್ರೋನೋ ಕಟ್ಟಿ ಮತ್ತೆ ಎಳೆದರೆ ಮುಂಭಾಗದಲ್ಲಿ, ಎಡಗಡೆ, ಗಕ್ಕನೆ ನಿಂತಿತು. ಪಟ್ಟಿಯನ್ನು ಬಿಗಿಯುವ ಬೆಲ್ಟಿನ ಬಾಲ ಮಡಚಿಕೊಂಡು ಸ್ಟಾಕ್‌ನ ಮೂಗಿಗೂ ಬ್ಯಾರಲ್‌ಗೂ ನಡುವೆ ಬೆಣೆಯಂತೆ ಸಿಕ್ಕಿಕೊಂಡಿತ್ತು. ಎಡದಿಂದ ಒತ್ತಿದರೆ ಬಲಕ್ಕೆ ಹೋಗದೆ ಇನ್ನೆಲ್ಲಿ ಹೋದೀತು? ಬಾಲ ಹೊರಕ್ಕೆಳೆದು, ಪಟ್ಟಿಯನ್ನು ಬೆರಳಗಲ ಮುಂದೆ ಕಟ್ಟಿ ಹೊಡೆದಾಗ ಬಲಕ್ಕೆ ಜರುಗಿದ್ದು ಹೋಯಿತು, ಕೆಳಗಿನದು ಒಂಬತ್ತೂವರೆಗೆ ಬಂತು. ಕಾಗದದ ಲೆಕ್ಕಕ್ಕೆ ಹೊಂದಿತು ಎಂದು ಸ್ವಲ್ಪ ಬೀಗಿದೆ, ಸುಳ್ಳು ಯಾಕೆ ಹೇಳಲಿ.

ನಿಮ್ಮಲ್ಲಿ ಬೆಲ್ಟಿನ ಬಾಲ ಸಿಗದಿದ್ದರೆ ಬೇರೆ ಎರಡು ಕಡೆ ನೋಡಿ. ಪಟ್ಟಿ ಬಾಯಿಯ ನೇರ ಕೆಳಗಿರದೆ ಒಂದು ಬದಿಗೆ ತಿರುಗಿಕೊಂಡಿದ್ದರೆ ತೂಕವೂ ಓರೆಯಾಗಿ ಎಳೆಯುತ್ತದೆ. ಹೊರಬರುವ ಅನಿಲವೂ ಪಟ್ಟಿಯ ಮೇಲೆ ಬಡಿದು ಬ್ಯಾರಲ್ಲನ್ನು ತಳ್ಳುತ್ತದೆ, ಪಾಯಿಂಟ್ 22ರಲ್ಲಿ ಇದು ಸಣ್ಣದು, ದೊಡ್ಡ ಬೋರ್‌ನಲ್ಲಿ ಸಣ್ಣದಲ್ಲ. ಎರಡನೆಯದು ಜಾರುವಿಕೆ. ಬ್ಯಾರಲ್ ಮೇಲೆ ಪೆನ್ಸಿಲ್ ಗೆರೆ ಎಳೆದು ಹತ್ತು ಗುಂಡಿನ ನಂತರ ನೋಡಿ. ಗೆರೆಯಿಂದ ಪಟ್ಟಿ ಸರಿದಿದ್ದರೆ ಗ್ರೂಪ್ ಒಂದು ಕಡೆ ಕೂರುವುದೇ ಇಲ್ಲ, ಉದ್ದಕ್ಕೆ ಹರಿದುಕೊಳ್ಳುತ್ತದೆ. ಜಾರಿದ ಪಟ್ಟಿ ಗುಂಡಿನ ದಾರಿಗೂ ಬರಬಹುದು. ಗುಂಡಿಗೂ ಪಟ್ಟಿಗೂ ನಡುವೆ ಇರುವುದೇ ಐದಾರು ಮಿ.ಮೀ. ಸಂದು, ಪ್ರತಿ ಸಲ ಕಟ್ಟಿದಾಗಲೂ ಜೊತೆಗೆ ಕೊಟ್ಟಿರುವ ಅಳತೆಯ ಕಡ್ಡಿ ಹಾಕಿ ನೋಡದೆ ಹೊಡೆಯಬೇಡಿ.

ಬಿಚ್ಚಿದ ಮೇಲೂ ವಾಪಸ್ ಬಾರದಿದ್ದರೆ

ಹತ್ತರಲ್ಲಿ ಏಳು ಸಲ ಕಾರಣ ಒಂದೇ: ಕ್ರೋನೋ ಕಟ್ಟಿದ್ದಾಗ ಸೈಟಿನ ಕ್ಲಿಕ್ ತಿರುಗಿಸಿರುತ್ತಾರೆ. ನಮ್ಮವಳೂ ಅದನ್ನೇ ಮಾಡಿದ್ದಳು. ಅವಳ ದುರ್ಬೀನು ಕೋನದ ಎಂಟನೇ ಒಂದು ಮಿನಿಟ್ ಕ್ಲಿಕ್‌ನದು, 50 ಮೀಟರ್‌ನಲ್ಲಿ ಒಂದು ಕ್ಲಿಕ್‌ಗೆ ಸುಮಾರು 1.8 ಮಿ.ಮೀ. ಏಳು ಕ್ಲಿಕ್ ಮೇಲೆ ತಂದು ಗ್ರೂಪ್ ನಡುವೆ ಕೂರಿಸಿದ್ದಾಳೆ. ತೂಕ ತೆಗೆದ ಮೇಲೆ ಬ್ಯಾರಲ್ ತನ್ನ ಜಾಗಕ್ಕೆ ಎದ್ದಿದೆ, ಕ್ಲಿಕ್ ಮಾತ್ರ ಏರಿದಲ್ಲೇ ಉಳಿದಿದೆ. ಹಾಗಾಗಿ ಕಟ್ಟುವ ಮುಂಚೆ ಟರೆಟ್‌ನ (ಕ್ಲಿಕ್ ತಿರುಗಿಸುವ ಗುಂಡಿಯ) ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ, ಕಟ್ಟಿದ ಮೇಲೆ ಟರೆಟ್ ಮುಟ್ಟಲೇಬೇಡಿ. ಗ್ರೂಪ್ ಎಂಟರ ರಿಂಗಿನಲ್ಲಿ ಬಿದ್ದರೂ ಬೀಳಲಿ, ಅಂದು ನೀವು ಓದುತ್ತಿರುವುದು ವೇಗವನ್ನು.

ಕ್ಲಿಕ್ ಮುಟ್ಟಿಲ್ಲ ಎಂದು ಆಣೆ ಮಾಡಿ ಹೇಳಿದರೆ ಮುಂದಿನ ಸೈಟ್ ಹಿಡಿದು ಮೆಲ್ಲಗೆ ತಿರುಚಿ ನೋಡುತ್ತೇನೆ. ಬೆಲ್ಟ್ ಬಿಗಿಯುವಾಗ, ಬಿಚ್ಚುವಾಗ ಸೈಟಿನ ಬುಡಕ್ಕೆ ಪೆಟ್ಟು ಬಿದ್ದಿರುತ್ತದೆ, ಸ್ಕ್ರೂ ಕಾಲು ಸುತ್ತು ಸಡಿಲವಾಗಿರುತ್ತದೆ. ಬ್ಯಾರಲ್ ತುದಿಯಲ್ಲಿ ಟ್ಯೂನರ್ ಅಥವಾ ತೂಕದ ಉಂಗುರ ಮೊದಲೇ ಇದ್ದರೆ, ಕ್ರೋನೋಗೆ ಜಾಗ ಮಾಡಲು ಅದನ್ನು ಹಿಂದೆ ಸರಿಸಿ ಮರೆತಿರುತ್ತಾರೆ. ಆಮೇಲೆ ರೈಫಲನ್ನು ಸ್ಟಾಕ್‌ಗೆ ಬಿಗಿಯುವ ಆಕ್ಷನ್ ಸ್ಕ್ರೂಗಳು, ಟಾರ್ಕ್ ವ್ರೆಂಚ್ ಹಾಕಿ ನೋಡಿ. ಮೇ ತಿಂಗಳಲ್ಲಿ ಪುಣೆಯ ಬಿಸಿಲು 40 ಡಿಗ್ರಿ ಮುಟ್ಟಿದಾಗ ಗುಂಡಿನ ಡಬ್ಬಿಯನ್ನು ಬೆಂಚ್ ಮೇಲೆ ಬಿಸಿಲಿಗಿಟ್ಟು ಹೊಡೆದು, ಮಾರನೆಯ ಬೆಳಗ್ಗೆ ನೆರಳಲ್ಲಿ ಹೊಡೆದು ಹೋಲಿಸುವವರನ್ನೂ ಕಂಡಿದ್ದೇನೆ. ಅದು ಕ್ರೋನೋದ ತಪ್ಪಲ್ಲ.

ಗ್ರೂಪ್ ಚಿಕ್ಕದಾದರೆ?

ಇದು ಕೈಕೊಡುವ ಜಾಗ. ಹುಡುಗಿ ಬೆಂಚ್ ಮೇಲೆ ಪರೀಕ್ಷೆ ಮಾಡುತ್ತಿದ್ದದ್ದು ಎರಡು ಲಾಟ್‌ಗಳನ್ನು, ಅಂದರೆ ಬೇರೆ ಬೇರೆ ಸಲ ತಯಾರಾದ ಗುಂಡುಗಳನ್ನು. ಒಂದು ಕೇಸ್ ಅಂದರೆ 5000 ಗುಂಡು, ಅಪ್ಪ ಊರಿಂದ ದುಡ್ಡು ಕಳಿಸಬೇಕು. ಕ್ರೋನೋ ಕಟ್ಟಿದಾಗ ಎರಡನೇ ಲಾಟ್ ಎದ್ದುಕಾಣುವಷ್ಟು ಚೆನ್ನಾಗಿ ಗ್ರೂಪ್ ಕೊಟ್ಟಿತ್ತು. "ಸ್ಪೀಡ್ ಬ್ಯಾರೆ ಬ್ಯಾರೆ ಬಂದ್ರೂ ಗ್ರೂಪ್ ಛಲೋ ಐತಿ ಕಾಕಾ, ಇದನ್ನ ತರಸ್ತೀನಿ" ಎಂದಳು. ನನಗೆ ಅನುಮಾನ ಬಂದದ್ದೇ ಆ ಮಾತಿಗೆ. ವೇಗ ಹರಡಿಕೊಂಡಿರುವ ಲಾಟ್ ಮೇಲೆ ಕೆಳಗೆ ಚದುರಬೇಕು. ಚದುರಿಲ್ಲ ಅಂದರೆ ಬ್ಯಾರಲ್ ಅದನ್ನು ಸರಿದೂಗಿಸುತ್ತಿದೆ.

ಸರಿದೂಗಿಸುವುದು ಹೀಗೆ. ಗುಂಡು ಸಿಡಿದ ಕ್ಷಣದಿಂದ ಬ್ಯಾರಲ್ ಬಾಯಿ ಮೇಲಕ್ಕೆ ಏಳತೊಡಗುತ್ತದೆ. ಗುಂಡು ಹೊರಬೀಳಲು ಎರಡು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು, ಅಷ್ಟರಲ್ಲಿ ಬಾಯಿ ಇನ್ನೂ ಏಳುತ್ತಲೇ ಇರುತ್ತದೆ. ವೇಗದ ಗುಂಡು ಬೇಗ ಹೊರಟಾಗ ಬಾಯಿ ಸ್ವಲ್ಪ ಕೆಳಗಿರುತ್ತದೆ. ನಿಧಾನದ ಗುಂಡು ತಡವಾಗಿ ಹೊರಟಾಗ ಬಾಯಿ ಸ್ವಲ್ಪ ಮೇಲಿರುತ್ತದೆ. ನಿಧಾನದ ಗುಂಡು ದಾರಿಯಲ್ಲಿ ಹೆಚ್ಚು ಇಳಿಯುತ್ತದೆ, ಆದರೆ ಮೇಲಕ್ಕೆ ಹೊರಟದ್ದರಿಂದ ಎರಡೂ ಟಾರ್ಗೆಟ್‌ನಲ್ಲಿ ಒಂದೇ ಕಡೆ ಸೇರುತ್ತವೆ. ಬಾಯಿ ಏಳುವ ವೇಗ ಸರಿಯಾಗಿ ಹೊಂದಿದರೆ ಮಾತ್ರ ಈ ಮದುವೆ ಕೂಡಿಬರುತ್ತದೆ. ಪಾಯಿಂಟ್ 22 ಬೆಂಚ್‌ರೆಸ್ಟ್‌ನವರು (ರೈಫಲನ್ನು ಮೇಜಿನ ಮೇಲಿಟ್ಟು ಹೊಡೆಯುವವರು) ಟ್ಯೂನರ್ ಎಂಬ ತೂಕವನ್ನು ಬಾಯಿಗೆ ಹಾಕಿ ತಿರುಗಿಸುತ್ತ ಕೂರುವುದು ಇದನ್ನು ಹೊಂದಿಸಲಿಕ್ಕೇ.

ಈಗ ಕ್ರೋನೋ ನೋಡಿ. ಬಾಯಿಗೆ ಕಟ್ಟಿದ 200 ಗ್ರಾಂ. ಮೇಲೆ ಹೇಳಿದ 22 ಮಿ.ಮೀ. ಬ್ಯಾರಲ್ ತಾನಾಗಿ ನಡುಗುವ ಮೂಲ ಆವರ್ತನ ನನ್ನ ಲೆಕ್ಕದಲ್ಲಿ ಸೆಕೆಂಡಿಗೆ 43 ಸಲ. ಈ ತೂಕ ಸೇರಿದರೆ 36ಕ್ಕೆ ಇಳಿಯುತ್ತದೆ. ಕ್ರೋನೋ ಕಟ್ಟಿದ ರೈಫಲ್ ಅಂದರೆ ಯಾರೂ ಕೇಳದೆ ಟ್ಯೂನರ್ ಹಾಕಿದ ಬೇರೆಯೇ ರೈಫಲ್. ಅದಕ್ಕೆ ಹಿಡಿಸಿದ ಲಾಟ್ ನಿಮ್ಮ ರೈಫಲ್‌ಗೆ ಹಿಡಿಸಬೇಕೆಂದಿಲ್ಲ. ಎದುರಾದದ್ದೂ ಆಗುತ್ತದೆ, ಒಳ್ಳೆಯ ಲಾಟ್ ಕ್ರೋನೋ ಕಟ್ಟಿದ ದಿನ ಚದುರಿ ಕೆಟ್ಟ ಹೆಸರು ಹೊತ್ತುಕೊಂಡು ಹೋಗುತ್ತದೆ.

ಏರ್ ರೈಫಲ್‌ನವರಿಗೆ ಎರಡು ಮಾತು

10 ಮೀಟರ್‌ನಲ್ಲಿ ತೂಕ ಕಡಿಮೆ ಇದ್ದರೂ ಹತ್ತರ ಚುಕ್ಕೆ ಅರ್ಧ ಮಿ.ಮೀ. ಇರುವುದರಿಂದ ಸಮಾಧಾನವಿಲ್ಲ. 14 ಮಿ.ಮೀ. ದಪ್ಪ, 42 ಸೆಂ.ಮೀ. ಉದ್ದದ ಬ್ಯಾರಲ್‌ಗೆ 60 ಗ್ರಾಂನ ಪುಟ್ಟ ಕ್ರೋನೋ ಸಿಕ್ಕಿಸಿದರೂ ಬಾಯಿಯ ದಿಕ್ಕು 10 ಮೀಟರ್‌ಗೆ 1.4 ಮಿ.ಮೀ. ಇಳಿಯುತ್ತದೆ. ಬಾಯಿಗೆ ತಿರುಪಿ ಕೂರಿಸುವ ಮಾದರಿಯಾದರೆ ಏರ್ ಸ್ಟ್ರಿಪ್ಪರ್ ಬಿಚ್ಚಿ ಅದರ ಜಾಗಕ್ಕೆ ಹಾಕಬೇಕಾಗುತ್ತದೆ. ಆಗ ಪೆಲೆಟ್‌ನ ಹಿಂದಿನಿಂದ ನುಗ್ಗುವ ಗಾಳಿ ಪಕ್ಕಕ್ಕೆ ಹೋಗದೆ ಪೆಲೆಟ್‌ನ ಬಾಲವನ್ನು ಅಲುಗಿಸುತ್ತದೆ, ಗ್ರೂಪ್ ದೊಡ್ಡದಾಗುತ್ತದೆ. ಅದನ್ನು ಪೆಲೆಟ್ ಕೆಟ್ಟದ್ದೆಂದು ಬರೆದುಕೊಳ್ಳಬೇಡಿ. ಬಹಳ ಹೊತ್ತು ಸುಮ್ಮನಿಟ್ಟ ರೈಫಲ್‌ನ ಮೊದಲ ಗುಂಡು ಮಾತ್ರ ಹೆಚ್ಚು ವೇಗ ತೋರಿಸಿದರೆ ಅದು ಗಾಳಿಯ ಒತ್ತಡ ಹಿಡಿದಿಡುವ ರೆಗ್ಯುಲೇಟರ್ ಸೋರುತ್ತಿರುವ ಲಕ್ಷಣ, ಕ್ರೋನೋಗೆ ಥ್ಯಾಂಕ್ಸ್ ಹೇಳಿ.

ವೇಗ, ಗ್ರೂಪ್ ಎರಡೂ ಒಟ್ಟಿಗೆ ಬೇಕೆಂದರೆ

ಬ್ಯಾರಲ್ ಮುಟ್ಟದ ಉಪಕರಣ ಬೇಕು. ಪಕ್ಕದಲ್ಲಿಟ್ಟು ಗುಂಡಿನ ಬೆನ್ನು ಹತ್ತುವ ರೇಡಾರ್ ಬಂದಿವೆ, ಗಾರ್ಮಿನ್‌ನ ಅಂಗೈಯಗಲದ ರೇಡಾರ್ 2023ರಲ್ಲಿ ಬಂದ ಮೇಲೆ ಹೊರದೇಶದ ರೇಂಜ್‌ಗಳಲ್ಲಿ ಪಟ್ಟಿ ಕಟ್ಟುವವರು ಕಡಿಮೆಯಾಗಿದ್ದಾರೆ. ಹಳೆಯ ಬೆಳಕಿನ ಕ್ರೋನೋ ಅಗ್ಗ, ಆದರೆ ಒಳಾಂಗಣದಲ್ಲಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಟುಕುವುದನ್ನೇ ಗುಂಡಿನ ನೆರಳೆಂದು ತಿಳಿದು ಇಲ್ಲದ ಅಂಕಿ ಕೊಡುತ್ತದೆ. ಹಗಲು ಬೆಳಕಲ್ಲೋ ಹಳದಿ ಬಲ್ಬ್ ಕೆಳಗೋ ಇಡಿ. ಇರುವುದು ಪಟ್ಟಿಯೇ ಆದರೆ ಅದನ್ನು ಬ್ಯಾರಲ್‌ಗೆ ಕಟ್ಟದೆ ಸ್ಟಾಕ್‌ನ ಮುಂದಿನ ರೇಲ್‌ಗೆ ಒಂದು ಅಲ್ಯೂಮಿನಿಯಂ ತೋಳು ಜೋಡಿಸಿ ಬಾಯಿಯ ಕೆಳಗೆ ತೂಗಿಬಿಡಬಹುದು. ತೋಳು ಬ್ಯಾರಲ್‌ಗೆ ತಾಗಬಾರದು, ಹತ್ತು ರೂಪಾಯಿ ನೋಟು ಇಲ್ಲೂ ಕೆಲಸಕ್ಕೆ ಬರುತ್ತದೆ. ನಾವು ಮಾಡಿದ್ದು ಇದನ್ನೇ, ಅದೇ ಭೋಸರಿ ಅಂಗಡಿ, ಹಳೆಯ ಕಿಟಕಿ ಚೌಕಟ್ಟಿನ ತುಂಡು.

ಮೂರನೇ ಶನಿವಾರ ಟರೆಟ್ ಏಳು ಕ್ಲಿಕ್ ಕೆಳಗಿಳಿಸಿ, ತೋಳಿನ ಮೇಲೆ ಪಟ್ಟಿ ಹಾಕಿ, ಎರಡೂ ಲಾಟ್ ನಾಲ್ಕು ನಾಲ್ಕು ಗ್ರೂಪ್ ಹೊಡೆದಳು. ಎರಡನೇ ಲಾಟ್ ಉದ್ದಕ್ಕೆ ಚದುರಿತು, ಎಂಟರ ರಿಂಗ್ ತನಕ. ಮೊದಲನೆಯದು, ಅಂದು ಬೇಡವೆಂದು ಪಕ್ಕಕ್ಕಿಟ್ಟದ್ದು, ಒಂದು ರೂಪಾಯಿ ನಾಣ್ಯದೊಳಗೆ ಕೂತಿತು. ಟಾರ್ಗೆಟ್‌ಗಳನ್ನು ಸುತ್ತಿ ಪೆಟ್ಟಿಗೆಯಲ್ಲಿಟ್ಟು ಊರಿಗೆ ಫೋನ್ ಹಚ್ಚಿದಳು: "ಅಪ್ಪಾ, ಮದಲನೇದನ್ನ ತರಸೂಣು."